ಗವಿಯಲ್ಲಿ ಯಾರೂ ಇಲ್ಲ ಸಾರ್!

“ಗವಿಯಾಗೆ ಇದ್ದ ಜನ ಹಸಿ ಮಾಂಸ ತಿಂತಿದ್ರು. ಸ್ನಾನ ಅಂದ್ರೇನಂತ ಗೊತ್ತಿರಲಿಲ್ಲ. ಸ್ವಾತಂತ್ರ್ಯ ಬಂದು ಹತ್ತು ವರ್ಷ ಆತು. ಈಗ ಗವಿಯಾಗೆ ಯಾರು ಅದಾರೆ?” ಶಿವಮೂರ್ತಪ್ಪ ಮೇಷ್ಟ್ರು ಕೇಳಿದರು.

“ಯಾರೂ ಇಲ್ಲ ಸಾರ್!” ಕ್ಲಾಸೆಲ್ಲ ಕೂಗಿತು. ಎಲ್ಲರಿಗಿಂತ ಜೋರಾಗಿ ಕೂಗಿದವಳು ಪುಟ್ಟಕ್ಕ. ಅವಳ ಮನೆಯೇ ಗವಿ.

ಹೋದ ವರ್ಷ ತುಂಗಭದ್ರೆ ಉಕ್ಕಿ ದಂಡೆಯಲ್ಲಿದ್ದ ಅವರ ಗುಡಿಸಲನ್ನು ಕೊಚ್ಚಿಕೊಂಡು ಹೋಗಿದ್ದಳು. ಗುಡ್ಡದಲ್ಲಿ ಕಲ್ಲೊಡೆಯುತ್ತಿದ್ದ ಅಪ್ಪ ಕಾಟಪ್ಪ ಅಲ್ಲೇ ಒಂದು ಗವಿಗೆ ಸಂಸಾರ ಸಾಗಿಸಿದ. ಈ ಗುಟ್ಟು ಹರಿಹರದ ಸ್ಕೂಲಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಹುಡುಗರು ಸುಮ್ಮನೆ ಬಿಡುತ್ತಾರೆಯೇ?

“ಶನಿವಾರ ಗುಡ್ಡಕ್ಕೆ ಹೋಗಾಣ. ಅಲ್ಲಿ ಗವಿಯಾಗೆ ಅಜ್ಜಯ್ಯ ತಪಸ್ಸಿಗೆ ಕುಂತಾರೆ. ದರ್ಶನ ಮಾಡಿದ್ರೆ ಪುಣ್ಯ” ಎಂದರು ಮೇಷ್ಟ್ರು. ಗವಿಯಲ್ಲಿ ಯಾರೂ ಇಲ್ಲವೆಂದು ಹೇಳಿಸಿ ಇನ್ನೂ ಗಳಿಗೆಯಾಗಿರಲಿಲ್ಲ! ಅಜ್ಜಯ್ಯನ ಪಕ್ಕದ ಗವಿಯೇ ಪುಟ್ಟಕ್ಕನದು.

ಶನಿವಾರ ಮೇಷ್ಟ್ರು ಅಜ್ಜಯ್ಯನ ಮುಂದೆ ಉದ್ದಕ್ಕೆ ಅಡ್ಡಬಿದ್ದರು. ಅಜ್ಜಯ್ಯನ ಜಡೆ ನೀರು ಕಂಡು ಎಷ್ಟು ಕಾಲವಾಗಿತ್ತೋ. ಮೇಷ್ಟ್ರು ಅದನ್ನು ವೈರಾಗ್ಯ ಎಂದರು.

ಅಷ್ಟರಲ್ಲಿ ಅಜ್ಜಯ್ಯನಿಗೆ ರೊಟ್ಟಿ ಹಿಡಿದು ಪುಟ್ಟಕ್ಕನ ಅವ್ವ ಕೊಟ್ರವ್ವ ಪಕ್ಕದ ಗವಿಯಿಂದ ಬಂದಳು. “ಪುಟ್ಟೀ, ಇಲ್ಲೇ ಯಾಕ ನಿಂತೀ? ಹುಡುಗ್ರನ್ನ ಮನಿಗೆ ಕರ್ಕಂಬಾ. ಮೇಷ್ಟ್ರೇ, ನೀವೂ ಬರ್ರಿ, ನೀರು ಕುಡೀರಿ.”

“ಪುಟ್ಟಕ್ಕ ಗವಿಯಾಗಿರೋಳು ಕಣ್ರೋ! ಹಸಿ ಮಾಂಸ ತಿಂತೀಯೇನೇ?” ಕ್ಲಾಸಿನ ಗಿಡ್ಡಪ್ಪ ಕಿರುಚಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಭೂಮಿ ಬಾಯ್ತೆರೆದು ತನ್ನನ್ನು ನುಂಗಬಾರದೇ ಎನ್ನಿಸಿತು ಪುಟ್ಟಕ್ಕನಿಗೆ.

ನಗುವವರ ಗಂಟಲೂ ಬಿಸಿಲಿಗೆ ಒಣಗಿತ್ತು. ಮೇಷ್ಟ್ರು ಮೂಗು ಮುರಿಯುತ್ತಲೇ ನೀರಿಗೆಂದು ಮುಂದೆ ನಡೆದರು. ಗವಿಗೆಂಥ ಮಡಿ ಎಂದುಕೊಂಡರೋ ಏನೋ, ಚಪ್ಪಲಿ ಮೆಟ್ಟಿಕೊಂಡೇ ಒಳಗೆ ಕಾಲಿಟ್ಟರು. ಅದು ಪುಟ್ಟಕ್ಕ ಬೆಳಗ್ಗೆ ಎದ್ದು ಸಗಣಿಯಿಂದ ಸಾರಿಸಿದ್ದ ನೆಲ. ಅವಳಿಗೆ ರೇಗಿಹೋಯಿತು.

“ಸಾರ್, ಚಪ್ಪಲಿ ಹೊರಗೆ ಬಿಡ್ರಿ. ಇದು ನಮ್ಮನಿ!”

ಅಂದ ಮೇಲೆ ಅವಳಿಗೇ ಭಯವಾಯಿತು. ನಗು ಗಪ್ಪನೆ ನಿಂತಿತು. ಮೇಷ್ಟ್ರ ಕಿವಿ ಕೆಂಪಾದವು. ಅವರು ಹಿಂದೆ ಸರಿದು, ಹೊರಗೆ ಚಪ್ಪಲಿ ಬಿಟ್ಟರು.

ಗಿಡ್ಡಪ್ಪ ನೀರು ಕುಡಿದು ಬಂಡೆಗೆ ಬೆನ್ನು ಹಚ್ಚಿ ಕೂತ. “ಎಷ್ಟು ತಂಪೈತೆ! ನಮ್ಮದು ತಗಡಿನ ಮನಿ, ಬ್ಯಾಸಿಗ್ಯಾಗೆ ಬೆಂದು ಹೋಗ್ತೀವಿ. ನಾಳೆ ಆಡಾಕೆ ಬರ್ಲಾ?”

ಪುಟ್ಟಕ್ಕ ಬೇಕೆಂದೇ ಸ್ವಲ್ಪ ಹೊತ್ತು ಕಾಯಿಸಿದಳು. ಬಾ ಅನ್ನುವುದೂ ಬ್ಯಾಡ ಅನ್ನುವುದೂ ಈಗ ಅವಳ ಕೈಯಲ್ಲಿತ್ತು.

“ಬಾ. ಒಳಗೆ ಬರುವಾಗ ತಲಿ ಬಗ್ಗಿಸು, ಬಂಡೆ ಬಡಿತೈತೆ” ಎಂದಳು.