ತಾತನ ತಿಥಿ ಕಾರ್ಡು

“ಎಲ್ಲಾ ಓಯ್ತು ಕಣಮ್ಮಿ,” ಎಂದು ಮಹದೇವಣ್ಣ ಮೌಸ್ ಬಿಟ್ಟು ತಲೆಯ ಮೇಲೆ ಕೈ ಇಟ್ಟುಕೊಂಡ.

ಅವನದು ಗುಂಡ್ಲುಪೇಟೆ ಬಸ್‌ಸ್ಟ್ಯಾಂಡ್ ಎದುರಿನ ಡಿಟಿಪಿ ಅಂಗಡಿ. ಕಾರ್ಡು ಮಾಡುವ ಸಾಫ್ಟ್‌ವೇರ್ ಹಟಮಾರಿ ಎತ್ತಿನ ಹಾಗೆ ನಿಂತುಬಿಟ್ಟಿತ್ತು. ಯಾವ ಬಟನ್ ಒತ್ತಿದರೂ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಅವನು ಕಂಪ್ಯೂಟರನ್ನೇ ಆಫ್ ಮಾಡಿ ಆನ್ ಮಾಡಿದ.

ಹೋಗಿದ್ದು ಭಾನುವಿನ ತಾತನ ತಿಥಿ ಕಾರ್ಡು. ತಾತ ಪುಟ್ಟಮಾದು ತೀರಿಕೊಂಡು ಆರು ದಿನವಾಗಿತ್ತು. ಸಂಜೆಯೊಳಗೆ ಕಾರ್ಡು ಪ್ರಿಂಟಾಗಬೇಕು, ನಾಳೆ ಅಪ್ಪ ಚಂದಕವಾಡಿಯ ನೆಂಟರಿಗೆಲ್ಲ ಕೊಟ್ಟು ಬರಬೇಕು. ಐದನೇ ಕ್ಲಾಸಿನ ಭಾನು ಈಗಷ್ಟೇ ಅದನ್ನು ಮೂರು ಸಲ ಓದಿ ತಪ್ಪು ತೋರಿಸಿದ್ದಳು.

“ಸೇವ್ ಮಾಡಿರ್ನಿಲ್ವಾ?” ಎಂದಳು ಭಾನು.

“ಮಾಡನ ಅನ್ನೋದ್ರೊಳಗೆ ಹ್ಯಾಂಗ್ ಆಗೋಯ್ತು.”

ಅಪ್ಪ ರಂಗರಾಜು ಬೈಯಲಿಲ್ಲ. ಬೆಂಚಿನ ಮೇಲೆ ಕುಳಿತು ಗೋಡೆ ನೋಡುತ್ತಿದ್ದ. ತಾತ ಹೋದಾಗಿನಿಂದ ಅಪ್ಪ ಒಂದು ಸಲವೂ ಅತ್ತಿರಲಿಲ್ಲ. ಶಾಮಿಯಾನ, ಅಕ್ಕಿ, ಅಡುಗೆಯವರು, ಬರೀ ಅದೇ ಮಾತು. ಅಪ್ಪನಿಗೆ ತಾತನ ಮೇಲೆ ಪ್ರೀತಿಯೇ ಇರಲಿಲ್ಲವೇನೋ ಎಂದು ಭಾನುವಿಗೆ ಸಿಟ್ಟು.

ಮಹದೇವಣ್ಣ ಹುಡುಕಿ ಹುಡುಕಿ ಒಂದು ಫೈಲ್ ತೆರೆದ. “ಬೆಳಿಗ್ಗೆ ಇದನ್ನೇ ತಿದ್ದಿ ತಿಥಿ ಕಾರ್ಡ್ ಮಾಡಿದ್ದು. ನಿಮ್ಮ ಮನೇದೇ. ಹೆಸ್ರೆಲ್ಲ ಅವೆ, ಮ್ಯಾಲಿಂದು ಟೈಪ್ ಮಾಡುದ್ರಾಯ್ತು.”

ಅದು ಯುಗಾದಿಗೆ ಮುಂಚೆ ಮಾಡಿಸಿದ್ದ ಗೃಹಪ್ರವೇಶದ ಕಾರ್ಡು. ಕೆಳಗೆ ‘ತಮ್ಮ ಸುಖಾಗಮನ ಬಯಸುವ’ ಎಂದಿತ್ತು. ಮೊದಲ ಸಾಲಿನಲ್ಲಿ ಪುಟ್ಟಮಾದು. ಅದರ ಕೆಳಗೆ ಅಪ್ಪ, ಚಿಕ್ಕಪ್ಪ ಸಿದ್ಧಾರ್ಥ, ಕೊನೆಯಲ್ಲಿ ಭಾನು.

ಭಾನು ಆ ಮೊದಲ ಸಾಲಿನ ಮೇಲೆ ಬೆರಳಿಟ್ಟಳು. ಈ ಕಾರ್ಡಿನಲ್ಲಿ ತಾತ ಇನ್ನೂ ಎಲ್ಲರನ್ನೂ ಮನೆಗೆ ಕರೆಯುತ್ತಿದ್ದ.

“ಇದನ್ನ ಅಳಿಸ್ಬ್ಯಾಡಿ ಮಹದೇವಣ್ಣ.”

“ಗೃಹಪ್ರವೇಶ ಮುಗುದೋಗದಲ್ಲಮ್ಮಿ, ಇನ್ಯಾಕೆ?”

ಬೆಂಚಿನಿಂದ ಅಪ್ಪ ಮೆಲ್ಲಗೆ ಹೇಳಿದ, “ಮಡಗಪ್ಪ ಅದನ್ನ. ಬ್ಯಾರೆ ಹೆಸ್ರಲ್ಲಿ ಇನ್ನೊಂದು ಮಾಡ್ಕೊ.”

ಮಹದೇವಣ್ಣ ಇನ್ನೊಂದು ಕಾಪಿ ಮಾಡಿಕೊಂಡ. ಓದಿ ಓದಿ ಬಾಯಿಪಾಠವಾಗಿದ್ದುದನ್ನು ಭಾನು ಹೇಳುತ್ತಾ ಹೋದಳು, ಅವನು ಟೈಪ್ ಮಾಡುತ್ತಾ ಹೋದ. ‘ದಿನಾಂಕ ೧೪-೬-೧೯೯೮ರಂದು ದೈವಾಧೀನರಾದರು’ ಎಂಬುದನ್ನು ಅವಳು ಬೇಗ ಬೇಗ ಹೇಳಿ ಮುಗಿಸಿದಳು.

ಆಮೇಲೆ ಅವನು ‘ಸುಖಾಗಮನ’ದ ಸಾಲನ್ನು ‘ದುಃಖತಪ್ತರು’ ಎಂದು ತಿದ್ದಿ, ಕೆಳಗಿನ ಹೆಸರುಗಳಿಗೆ ಬಂದ. ಮೊದಲನೆಯದನ್ನು ಒಂದೊಂದೇ ಅಕ್ಷರ ಅಳಿಸಿದ. ಉಳಿದವೆಲ್ಲ ಒಂದು ಸಾಲು ಮೇಲಕ್ಕೆ ಸರಿದವು. ಎಲ್ಲರಿಗಿಂತ ಮೇಲೆ ‘ರಂಗರಾಜು’ ಬಂದು ನಿಂತಿತು.

ಅಪ್ಪ ಯಾವಾಗ ಎದ್ದು ಬಂದನೋ, ಅವಳ ಬೆನ್ನ ಹಿಂದೆ ನಿಂತು ಆ ಸಾಲನ್ನೇ ನೋಡುತ್ತಿದ್ದ. ಅವನ ತುಟಿ ಅದುರುತ್ತಿತ್ತು.

ತನಗೆ ತಾತ ಇಲ್ಲವೆಂದು ಭಾನು ಆರು ದಿನ ಅತ್ತಿದ್ದಳು. ಅಪ್ಪನಿಗೆ ಅಪ್ಪ ಇಲ್ಲ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ.

“ತಪ್ಪೇನಾರ ಅದಾ ನೋಡವ್ವ,” ಎಂದ ಅಪ್ಪ.

ಭಾನು ಅವನ ಕೈ ಹಿಡಿದುಕೊಂಡಳು. “ಇಲ್ಲ ಕಣಪ್ಪ, ಎಲ್ಲ ಸರಿಯಾಗದೆ,” ಎಂದಳು.