ಎಡಗಾಲಿನ ಮೇಲ್ಮನವಿ

"ಕಾರಿನ ಕ್ಲಚ್ಚಿಗೆ ಏನೂ ಆಗಿಲ್ಲ ಮೇಡಂ," ಎಂದ ಮೆಕ್ಯಾನಿಕ್, ಕೈಯ ಗ್ರೀಸು ಒರೆಸಿಕೊಳ್ಳುತ್ತ. ಆಮೇಲೆ ಅವನ ಕಣ್ಣು, ಬೇಡವೆಂದರೂ ಕೇಳದೆ, ಅವಳ ಎಡಗಾಲಿನ ಮೇಲೆ ಒಂದು ಗಳಿಗೆ ನಿಂತು ಬಂತು.

ಅಷ್ಟು ಸಾಕಾಯಿತು ಅವಳಿಗೆ. ಸ್ಕೂಟರಿನಿಂದ ಬಿದ್ದು ಮಂಡಿಗೆ ಆಪರೇಷನ್ ಆಗಿ ಒಂದೂವರೆ ವರ್ಷವಾಗಿತ್ತು. ಅಂದಿನಿಂದ ಎಲ್ಲರ ಕಣ್ಣೂ ಮೊದಲು ಮಂಡಿಯನ್ನು ಮಾತಾಡಿಸಿ ಆಮೇಲೆ ಮುಖಕ್ಕೆ ಬರುತ್ತಿತ್ತು. ಅವಳೋ ಫಿಸಿಯೋಥೆರಪಿಸ್ಟ್, ಬಿದ್ದವರನ್ನು ಎಬ್ಬಿಸಿ ನಡೆಸುವುದೇ ಅವಳ ಕೆಲಸ. ತನ್ನ ಕಾಲು ಎಷ್ಟು ಗಟ್ಟಿಯೆಂದು ಅವಳಿಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.

"ಪೂರ್ತಿ ಹೇಳಿಬಿಡಿ," ಎಂದಳು.

"ನಾನು ಓಡಿಸಿದ್ರೆ ಗೇರ್ ಬೀಳುತ್ತೆ, ನೀವು ಓಡಿಸಿದ್ರೆ ಬೀಳಲ್ಲ. ನಿಮ್ಮಣ್ಣ ಫೋನ್ ಮಾಡಿದ್ರು. ಅವರಿಗೂ ಇದನ್ನೇ ಹೇಳ್ದೆ."

"ಅಣ್ಣನಿಗೆ ಹೇಳಿಬಿಟ್ರಾ?"

"ಕೇಳಿದ್ರು. ನನಗೆ ಸುಳ್ಳು ಹೇಳೋಕೆ ಬರಲ್ಲ."

ಆ ಬೀದಿಯವರು ಅವನನ್ನು ಜಡ್ಜ್ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಒಮ್ಮೆ ಬಾಯಿಬಿಟ್ಟು ಹೇಳಿದನೆಂದರೆ ಮುಗಿಯಿತು. ಗ್ಯಾರೇಜಿಗೆ ಅವನೊಬ್ಬನೇ ಆಳು, ಅವನೊಬ್ಬನೇ ಅರಸ.

ಮೂವತ್ತು ವರ್ಷ ಹಳೆಯದಾದ ಆ ಎರಡು ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು ಅವಳ ಅಪ್ಪನದು. ಅಪ್ಪ ಹೋದ ಮೇಲೆ ಅದಕ್ಕೆ ಅವಳೇ ದಿಕ್ಕು. ಆದರೆ ಅಣ್ಣ ಒಂದು ಷರತ್ತು ಹಾಕಿದ್ದ. ಭಾನುವಾರ ಗುಡ್ಡದ ಮೇಲಿನವರೆಗೆ ಅವಳೇ ಓಡಿಸಿಕೊಂಡು ಬಂದರೆ ಕಾರು ಅವಳದು, ಇಲ್ಲದಿದ್ದರೆ ಸೋಮವಾರ ಮಾರಾಟ. ಅಣ್ಣ ಕೆಟ್ಟವನಲ್ಲ. ಅವಳು ಬಿದ್ದಾಗ ಆಸ್ಪತ್ರೆಯ ಕುರ್ಚಿಯಲ್ಲಿ ಒಂಬತ್ತು ದಿನ ಕೂತವನು, ಹೆದರಿಕೆ ಇನ್ನೂ ಇಳಿದಿರಲಿಲ್ಲ.

ಇನ್ನೊಂದು ವಿಷಯವನ್ನೂ ಹೇಳಿಬಿಡಬೇಕು. ಸವೆದ ಶಾಕ್ ಅಬ್ಸಾರ್ಬರ್, ಕುಸಿದ ಸ್ಪ್ರಿಂಗ್ ಎಲ್ಲ ತೆಗೆಸಿ ಹೊಸದು ಹಾಕಿಸಲು ಅವಳು ಎರಡು ವಾರದಿಂದ ದಿನಾ ಸಂಜೆ ಈ ಗ್ಯಾರೇಜಿಗೆ ಬಂದು, ಮಗುಚಿಟ್ಟ ಟೈರಿನ ಮೇಲೆ ಕೂರುತ್ತಿದ್ದಳು. ಬಿಚ್ಚಿದ ನಟ್ಟುಗಳನ್ನು ಅವನು ತಟ್ಟೆಯಲ್ಲಿ ಸಾಲಾಗಿ ಜೋಡಿಸುವ ರೀತಿ, ತುಕ್ಕು ಹಿಡಿದ ಬೋಲ್ಟಿನ ಜೊತೆ ಮೆಲ್ಲಗೆ "ಬಾ, ಬಾ ಮಾರಾಯ" ಎಂದು ಮಾತಾಡುವ ರೀತಿ ಅವಳಿಗೆ ಹಿಡಿಸಿಬಿಟ್ಟಿತ್ತು. ಅವನೇ ಹಿಡಿಸಿಬಿಟ್ಟಿದ್ದ. ಅದಕ್ಕೇ ಇವತ್ತಿನ ಆ ನೋಟ ಎಲ್ಲರ ನೋಟಕ್ಕಿಂತ ಹೆಚ್ಚು ಚುಚ್ಚಿತು.

ಮರುದಿನ ಶುಕ್ರವಾರ. ಅವನು ಶಟರ್ ಎತ್ತುವ ಹೊತ್ತಿಗೇ ಅವಳು ಬಾಗಿಲಲ್ಲಿದ್ದಳು, ಕಂಕುಳಲ್ಲಿ ಕ್ಲಿನಿಕ್ಕಿನ ತೂಕದ ಮೆಷಿನ್ ಇಟ್ಟುಕೊಂಡು.

"ಇದೇನು?"

"ಜಡ್ಜ್ ಸಾಹೇಬ್ರ ತೀರ್ಪಿನ ಮೇಲೆ ಮೇಲ್ಮನವಿ."

ಅವನ ಕಿವಿ ಕೆಂಪಾಯಿತು. ಆ ಹೆಸರು ತನ್ನ ಬೆನ್ನ ಹಿಂದೆ ಮಾತ್ರ ಓಡಾಡುತ್ತದೆ ಎಂದುಕೊಂಡಿದ್ದನೇನೋ.

ಅವಳು ಮೆಷಿನ್ನನ್ನು ಗೋಡೆಗೆ ಆನಿಸಿ ನಿಲ್ಲಿಸಿದಳು, ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತು ಎಡಗಾಲಿನಿಂದ ಒತ್ತಿದಳು. ಮುಳ್ಳು ಮೂವತ್ತೆಂಟು ಕಿಲೋಗೆ ಹೋಗಿ ನಿಂತಿತು. ಬಲಗಾಲಿನಿಂದ ಒತ್ತಿದಳು. ನಲವತ್ತು.

"ಈ ಕಾರಿನ ಕ್ಲಚ್ಚಿಗೆ ಎಷ್ಟು ಬೇಕು?"

"ಹದಿನೈದು. ಹೆಚ್ಚಂದ್ರೆ ಹದಿನೆಂಟು."

"ಹಾಗಾದ್ರೆ ನಾನು ಹಾಕ್ತಿರೋ ಬಲ ಎಲ್ಲಿಗೆ ಹೋಗ್ತಿದೆ? ಕಾಲಿಂದಂತೂ ಹೊರಟಿದೆ. ಕ್ಲಚ್ಚಿಗಂತೂ ಮುಟ್ಟಿಲ್ಲ."

ಅವನು ಮುಳ್ಳನ್ನೇ ನೋಡುತ್ತ ನಿಂತ. ಆಮೇಲೆ ಕಾರಿನ ಬಾಗಿಲು ತೆಗೆದ. "ಕೂತ್ಕೊಳ್ಳಿ. ನಾನು ಹೇಳಿದಾಗ ಒತ್ತಿ."

ಬಾನೆಟ್ಟಿನ ಮರೆಯಿಂದ ಅವನ ದನಿ ಬಂತು. "ಒತ್ತಿ." ಒತ್ತಿದಳು. "ಬಿಡಿ. ಮತ್ತೆ ಒತ್ತಿ, ಹಾಗೇ ಹಿಡ್ಕೊಳ್ಳಿ." ಹಿಡಿದಳು. ಮಂಡಿ ಸಣ್ಣಗೆ ಉರಿಯುತ್ತಿತ್ತು. ಬಿಡುವ ಮಾತೇ ಇರಲಿಲ್ಲ.

"ಅಯ್ಯೋ," ಎಂದ ಅವನು, ತನ್ನಷ್ಟಕ್ಕೆ.

ಎಂಜಿನ್ನಿಗೂ ಸೀಟಿಗೂ ನಡುವೆ ಇರುವ ತಗಡಿನ ಗೋಡೆಯಲ್ಲಿ, ಕ್ಲಚ್ಚಿನ ಸಿಲಿಂಡರ್ ಕೂತ ಜಾಗದ ಸುತ್ತ ಸಣ್ಣ ಬಿರುಕು ಬಿಟ್ಟಿತ್ತು. ಪೆಡಲ್ ಒತ್ತಿದಾಗಲೆಲ್ಲ ಗೋಡೆಯೇ ಮುಂದಕ್ಕೆ ಬಾಗುತ್ತಿತ್ತು. ಅವಳ ಬಲವೆಲ್ಲ ತಗಡು ಬಗ್ಗಿಸುವುದಕ್ಕೇ ಖರ್ಚಾಗಿ, ಕ್ಲಚ್ಚಿಗೆ ಅರ್ಧ ಮಾತ್ರ ಸಿಗುತ್ತಿತ್ತು.

"ನಾನು ಗೇರನ್ನ ಕೈಯಿಂದ ಒತ್ತಾಯ ಮಾಡಿ ಕೂರಿಸ್ತಿದ್ದೆ. ಅಭ್ಯಾಸ," ಎಂದ ಅವನು, ಬಾನೆಟ್ಟಿನ ಮರೆಯಲ್ಲೇ ನಿಂತು. "ಒಬ್ನೇ ಒತ್ತಿ, ಒಬ್ನೇ ಇಳಿದು ನೋಡೋದು. ಇಳಿದು ಬರೋಷ್ಟರಲ್ಲಿ ಬಿರುಕು ಮುಚ್ಕೊಂಡಿರುತ್ತೆ."

ಆಮೇಲೆ ಅವನು ಮಾಡಿದ ಕೆಲಸವನ್ನು ಅವಳು ನಿರೀಕ್ಷಿಸಿರಲಿಲ್ಲ. ಜೇಬಿನಿಂದ ಫೋನ್ ತೆಗೆದು, ಅವಳ ಎದುರಿಗೇ ಅಣ್ಣನಿಗೆ ಕರೆ ಮಾಡಿದ.

"ಸರ್, ನಿನ್ನೆ ನಾನು ಹೇಳಿದ್ದು ತಪ್ಪು. ತೊಂದರೆ ಕಾರಿನದು, ನಿಮ್ಮ ತಂಗಿ ಕಾಲಿನದಲ್ಲ. ಅವರು ಮೊದಲಿಂದ ಸರಿಯಾಗೇ ಹೇಳ್ತಿದ್ರು. ನಾನು ನಂಬಲಿಲ್ಲ."

ಒಂದೂವರೆ ವರ್ಷದಲ್ಲಿ ಹಾಗೆಂದವನು ಇವನೊಬ್ಬನೇ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಬಿರುಕಿನ ಮೇಲೆ ದಪ್ಪ ಪಟ್ಟಿ ವೆಲ್ಡ್ ಆಗಿತ್ತು. ಕಾರನ್ನು ಬೀದಿಯಲ್ಲಿ ಒಂದು ಸುತ್ತು ಹಾಕಿಸಿ ಬಂದವಳು ಹುಬ್ಬು ಗಂಟಿಕ್ಕಿದಳು. "ತಿರುವಲ್ಲಿ ತೊಟ್ಟಿಲಿನ ಹಾಗೆ ತೂಗ್ತಿದೆ. ಶಾಕ್ ಅಬ್ಸಾರ್ಬರ್ ಯಾಕೆ ಇಷ್ಟು ಮೆತ್ತಗಿಟ್ಟಿದ್ದೀರಿ?"

"ಮಂಡಿ ಕುಲುಕಬಾರದು ಅಂತ..." ಅವನು ಅರ್ಧಕ್ಕೇ ನಿಲ್ಲಿಸಿದ.

"ಕಾರಿಗೆ ಏನು ಬೇಕೋ ಅದನ್ನ ಮಾಡಿ. ಕುಲುಕಿದ್ರೆ ನಾನೇ ಹೇಳ್ತೀನಿ. ನನಗೂ ಬಾಯಿದೆ."

"ಗೊತ್ತಾಗಿದೆ," ಎಂದ ಅವನು. ತುಟಿಯಂಚಿನ ನಗು ಅಡಗಿಸಲು ಚಕ್ರದ ಹಿಂದೆ ಬಾಗಿ, ನಾಲ್ಕು ಚಕ್ರಗಳ ಕಡೆಯೂ ಶಾಕ್ ಅಬ್ಸಾರ್ಬರಿನ ತಿರುಪನ್ನು ಮೂರು ಹಲ್ಲು ಬಿಗಿಮಾಡಿದ.

ಭಾನುವಾರ ಬೆಳಿಗ್ಗೆ ಅಣ್ಣ ತನ್ನ ಕಾರಿನಲ್ಲಿ ಮುಂದೆ ಹೋಗಿ ಗುಡ್ಡದ ಮೇಲೆ ಕಾಯುತ್ತಿದ್ದ. ಮೆಕ್ಯಾನಿಕ್ ಅವಳ ಪಕ್ಕದ ಸೀಟಿನಲ್ಲಿ ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದ, ಮರೆತು ಕೂಡ ಹ್ಯಾಂಡ್‌ಬ್ರೇಕಿಗೆ ಕೈ ಹಾಕಬಾರದೆಂದು. ಕಾರು ತಿರುವುಗಳಲ್ಲಿ ನೆಲಕ್ಕೆ ಅಂಟಿಕೊಂಡು ಏರಿತು. ಅವಳು ಗೇರ್ ಬದಲಿಸಿದಾಗಲೆಲ್ಲ ಅವನ ಎಡಗಾಲೂ ನೆಲವನ್ನು ಒತ್ತುತ್ತಿತ್ತು.

"ಆ ಕಡೆ ಕ್ಲಚ್ ಇಲ್ಲ."

"ಕಾಲಿಗೆ ಹೇಳಿ."

ಐದನೆಯ ತಿರುವಿನಲ್ಲಿ, ಕಡಿದಾದ ಏರಿನಲ್ಲೇ, ಮುಂದಿನ ವ್ಯಾನು ಗಕ್ಕನೆ ನಿಂತಿತು. ಅವಳೂ ನಿಲ್ಲಿಸಬೇಕಾಯಿತು. ಎಂಜಿನ್ ಬಿಸಿಯಾಗಿತ್ತು, ಮೊದಲಾದರೆ ಇಂಥ ಕಡೆಯೇ ಗೇರು ಕರಕರ ಎಂದು ಕೈಕೊಡುತ್ತಿತ್ತು. ವ್ಯಾನು ಹೊರಟಿತು. ಅವನು ಅವಳ ಕಾಲನ್ನು ನೋಡಲಿಲ್ಲ. ರಸ್ತೆಯನ್ನೂ ನೋಡಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದ. ಕಾಲು ನಡುಗಿತು, ನಿಜ. ನಡುಗಿಕೊಂಡೇ ಒತ್ತಿದಳು. ಗೇರು ಸದ್ದಿಲ್ಲದೆ ಕೂತಿತು. ಕಾರು ಒಂದು ಗೇಣೂ ಹಿಂದಕ್ಕೆ ಜಾರದೆ ಏರತೊಡಗಿತು.

ಮೇಲೆ ಅಣ್ಣ ಬಂದು ಅವಳ ಮುಖ ನೋಡಿದ. "ಕಾಲು ಹೇಗಿದೆ?"

"ನೋಯ್ತಿದೆ. ಗಟ್ಟಿಯಾಗೂ ಇದೆ."

ಅವನು ಜೇಬಿನಿಂದ ಕಾರಿನ ಎರಡನೆಯ ಕೀ ತೆಗೆದು ಅವಳ ಅಂಗೈಯಲ್ಲಿಟ್ಟ. ಕಣ್ಣಿಗೆ ಏನೋ ಬಿತ್ತೆನ್ನುತ್ತ ಅತ್ತ ಹೋದ.

ಮೆಕ್ಯಾನಿಕ್ ಬಾನೆಟ್ಟಿಗೆ ಒರಗಿ ನಿಂತಿದ್ದ. "ಕೆಲಸ ಮುಗೀತು," ಎಂದ, ಯಾರೋ ಸತ್ತ ಸುದ್ದಿ ಹೇಳುವವನಂತೆ.

"ನನ್ನ ತೂಕದ ಮೆಷಿನ್ ಇನ್ನೂ ನಿಮ್ಮಲ್ಲೇ ಇದೆ."

"ಬೇಕಂತಲೇ ಕೊಟ್ಟಿಲ್ಲ. ಕೊಟ್ರೆ ನೀವು ಬರೋಕೆ ಕಾರಣ ಇರಲ್ಲ." ಅವನು ತಲೆಯೆತ್ತಿದ. "ನೀವು ಬರೋದು ನಿಂತ್ರೆ ನನಗೆ ಆಗಲ್ಲ. ನೀವು ಕೂರೋ ಆ ಟೈರ್ ಖಾಲಿ ಇದ್ರೆ ನನ್ನ ಕೈಯೇ ಓಡಲ್ಲ. ನೀವಂದ್ರೆ ನನಗೆ ಅಷ್ಟು ಇಷ್ಟ."

ಅವಳು ಉತ್ತರಿಸಲು ಅವಸರ ಮಾಡಲಿಲ್ಲ. ಅವನ ಗ್ರೀಸಿನ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು.

"ನಾಳೆ ಮೆಷಿನ್ ತಗೊಂಡು ಮನೆಗೆ ಬನ್ನಿ. ಅಮ್ಮ ಇರ್ತಾರೆ, ಅಣ್ಣನೂ ಇರ್ತಾನೆ."

"ಯಾಕೆ ಬಂದೆ ಅಂತ ಕೇಳಿದ್ರೆ ಏನು ಹೇಳಲಿ?"

"ನಿಮಗೆ ಸುಳ್ಳು ಹೇಳೋಕೆ ಬರಲ್ವಲ್ಲ," ಎಂದಳು ಅವಳು. "ಇರೋದನ್ನೇ ಹೇಳಿ."