ಎರಡು ವೇಗದ ಗೇರ್ ಬಾಕ್ಸ್

ಅವಶೇಷಗಳಡಿ ಸಿಕ್ಕಿದವರನ್ನು ಹೊರತೆಗೆಯುವ ರಕ್ಷಣಾ ರೋಬೋಟ್‌ಗಳ ೨೦೫೮ರ ಸ್ಪರ್ಧೆ, ಅಂತಿಮ ಸುತ್ತು. ಹುಬ್ಬಳ್ಳಿ ತಂಡದ ರೋಬೋಟ್ ಇಟ್ಟಿಗೆಯ ರಾಶಿ ದಾಟಿ ಓಡಿತು. ಕಾಂಕ್ರೀಟ್ ಚಪ್ಪಡಿಗೆ ಕೊಕ್ಕೆ ಹಾಕಿ ಎಳೆಯತೊಡಗಿದಾಗ ಒಳಗಿನ ಹಲ್ಲುಚಕ್ರಗಳು ತಾವಾಗಿಯೇ ಜೋಡಿ ಬದಲಿಸಿದವು. ವೇಗ ತಗ್ಗಿತು, ಬಲ ನಾಲ್ಕು ಪಟ್ಟಾಯಿತು, ಚಪ್ಪಡಿ ಜರುಗಿತು. ಉಳಿದ ತಂಡಗಳ ರೋಬೋಟ್‌ಗಳು ಗೇರು ಬದಲಿಸಲು ಅರೆಗಳಿಗೆ ನಿಲ್ಲಬೇಕಿತ್ತು. ಇದು ನಿಲ್ಲಲೇ ಇಲ್ಲ. ಮೊದಲ ಬಹುಮಾನ ಬಂತು.

ಆ ಗೇರ್ ಬಾಕ್ಸನ್ನು ರೂಪಿಸಿದವಳು ಶಿವಲೀಲಾ ಕುಬಸದ. ಅದರ ಹಲ್ಲುಗಳನ್ನು ಕೊರೆದವರು ನಲವತ್ತು ವರ್ಷ ವರ್ಕ್‌ಶಾಪಿನಲ್ಲೇ ಕಳೆದ ಮೌಲಾಸಾಬ ನದಾಫ. ಭಾರ ಹೆಚ್ಚಿದಂತೆ ಮೋಟರು ಹೆಚ್ಚು ವಿದ್ಯುತ್ ಎಳೆಯುತ್ತದೆ. ಅದು ಒಂದು ಮಿತಿ ದಾಟಿದೊಡನೆ ಗೇರು ಇಳಿಯಬೇಕು. ಬೇಗ ಇಳಿದರೆ ಓಟದಲ್ಲಿ ಮೂರು ಸೆಕೆಂಡು ಹೋಗುತ್ತದೆಂದು ಶಿವಲೀಲಾ ಆ ಮಿತಿಯನ್ನು ತುಸು ಮೇಲಕ್ಕೇ ಇಟ್ಟಿದ್ದಳು. ಮೋಟರು ಬಹಳ ಬಿಸಿಯಾಗುತ್ತಿದೆಯೆಂದು ಮೌಲಾಸಾಬ ಮುಟ್ಟಿ ನೋಡಿ ಹೇಳಿದ್ದರು.

“ಸ್ಪರ್ಧಾ ಮುಗೀಲಿ ಕಾಕಾ, ಆಮ್ಯಾಲ ಸರಿ ಮಾಡೋಣು,” ಎಂದಿದ್ದಳು.

ಸ್ಪರ್ಧೆ ಮುಗಿಯಿತು. ಗೆದ್ದ ಯಂತ್ರ ಹೇಗಿದೆಯೋ ಹಾಗೆಯೇ ಬೇಕೆಂದು ರಕ್ಷಣಾ ದಳದವರು ಕೇಳಿದರು. ಆರು ತಿಂಗಳಲ್ಲಿ ಅಂಥವು ಅರವತ್ತು ತಯಾರಾದವು. ಸನ್ಮಾನ, ಸಂದರ್ಶನಗಳ ನಡುವೆ ಕಾಕಾನ ಮಾತು ಶಿವಲೀಲಾಳಿಗೆ ಮರೆತೇಹೋಯಿತು.

ಮರುವರ್ಷ ಘಟ್ಟದಲ್ಲಿ ಕೊರೆಯುತ್ತಿದ್ದ ಸುರಂಗವೊಂದು ಕುಸಿಯಿತು. ಬಂಡೆಯ ಬಿರುಕು ಪರೀಕ್ಷಿಸಲು ಹೋಗಿದ್ದ ಭೂವಿಜ್ಞಾನಿ ಶಾಹಿನಾ ಒಳಗೆ ಸಿಕ್ಕಿಕೊಂಡಳು. ಅವಳು ಮೌಲಾಸಾಬರ ಒಬ್ಬಳೇ ಮಗಳು.

ರೋಬೋಟ್ ನಾಲ್ಕೇ ನಿಮಿಷದಲ್ಲಿ ಅವಳನ್ನು ತಲುಪಿತು. ಅವಳ ಸೊಂಟದ ಮೇಲಿದ್ದ ಬಂಡೆಗೆ ಕೊಕ್ಕೆ ಹಾಕಿತು. ಹೊರಗಿದ್ದವರಿಗೆ ಅದರ ಮೈಕಿನಲ್ಲಿ ಅವಳ ದನಿ ಕೇಳುತ್ತಿತ್ತು. “ಅಂಜಬ್ಯಾಡ್ರಿ. ನಮ್ಮ ಅಬ್ಬಾ ಕೊರದ ಗೇರು ಇದು. ಎಳೀತೈತಿ.”

ಕೆಸರಿನಲ್ಲಿ ಗಾಲಿಗಳು ಜಾರುತ್ತಿದ್ದುದರಿಂದ ಮೋಟರಿನ ಮೇಲೆ ಪೂರ್ತಿ ಭಾರ ಬೀಳಲಿಲ್ಲ. ಹಾಗಾಗಿ ಅದು ಎಳೆಯುವ ವಿದ್ಯುತ್ ಮಿತಿಯ ಅಂಚಿಗೆ ಬಂದರೂ ಅದನ್ನು ದಾಟಲಿಲ್ಲ, ಗೇರು ಇಳಿಯಲಿಲ್ಲ. ಹನ್ನೊಂದು ನಿಮಿಷ ಎಳೆದು ಮೋಟರು ಸುಟ್ಟುಹೋಯಿತು. ಆ ಇಕ್ಕಟ್ಟಿನಲ್ಲಿ ಸತ್ತ ಯಂತ್ರವೇ ದಾರಿಗೆ ಅಡ್ಡವಾಯಿತು. ಎರಡನೆಯದು ತಲುಪುವ ಹೊತ್ತಿಗೆ ಶಾಹಿನಾಳ ಉಸಿರು ನಿಂತಿತ್ತು.

ಯಂತ್ರದ ದಾಖಲೆಗಳನ್ನು ನೋಡಿದ ಶಿವಲೀಲಾ ನೇರವಾಗಿ ಮೌಲಾಸಾಬರ ಮನೆಗೆ ಹೋದಳು. ತಪ್ಪು ತನ್ನದೆಂದು ತಡವರಿಸುತ್ತ ಎಲ್ಲವನ್ನೂ ಹೇಳಿದಳು.

“ನನಗೂ ಗೊತ್ತಿತ್ತಲ್ಲವ್ವಾ,” ಎಂದರು ಮೌಲಾಸಾಬ. “ಒಮ್ಮೆ ಹೇಳಿ ಸುಮ್ಮನಾದೆ. ಗೆದ್ದ ದಿನ ಓಣಿ ತುಂಬ ಪೇಡೆ ಹಂಚೀನಿ ನಾನೂ.”

ಅವರು ಮತ್ತೆ ವರ್ಕ್‌ಶಾಪಿಗೆ ಬರಲಿಲ್ಲ.

ಉಳಿದ ಯಂತ್ರಗಳ ಮಿತಿಯನ್ನು ಶಿವಲೀಲಾ ಎರಡೇ ದಿನದಲ್ಲಿ ತಗ್ಗಿಸಿದಳು. ಕೆಲಸ ಅಷ್ಟು ಸಣ್ಣದಿತ್ತು. ವೇಗಕ್ಕೆ ಕೊಡುವ ಅಂಕ ಕಡಿಮೆ ಮಾಡಿರೆಂದು ಸ್ಪರ್ಧೆಯ ಸಮಿತಿಗೆ ಬರೆದಳು. ನಿಧಾನವಾದರೆ ನೋಡಲು ಜನ ಕೂರುವುದಿಲ್ಲವೆಂದು ಉತ್ತರ ಬಂತು. ಮುಂದಿನ ಸ್ಪರ್ಧೆಯಲ್ಲಿ ಅವಳ ರೋಬೋಟ್ ಏಳನೆಯದಾಯಿತು. ಗೆದ್ದ ತಂಡದ ಹುಡುಗಿಯರು ಕುಣಿಯುತ್ತಿದ್ದರು. ಶಿವಲೀಲಾ ಅವರ ಬಳಿಗೆ ಹೋಗಿ ಅಭಿನಂದಿಸಿದಳು. ಆಮೇಲೆ ಕೇಳಿದಳು:

“ಇದರಾಗ, ಆಮ್ಯಾಲ ನೋಡಿದರಾತು ಅಂತ ಬಿಟ್ಟಿದ್ದು ಏನರ ಐತೇನವ್ವಾ?”

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.